ಬಳೆಗಾರ ಚೆನ್ನಯ್ಯನಿಗೆ ಐದರ ತಾಳ: ನಮ್ಮ ಪ್ರೇಮಗೀತೆಗಳನ್ನು ಜಾಝ್‌ನಲ್ಲಿ ಹಾಡೋದು ಹೇಗೆ?

ಮೊದಲೇ ಒಂದು ಮಾತು. ನಾವು ನಾಲ್ಕೂ ಜನ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಒಬ್ಬ ಹುಣಸೂರಿನವನು, ಒಬ್ಬ ಪಿರಿಯಾಪಟ್ಟಣದವನು, ಒಬ್ಬಳು ಕೆ.ಆರ್. ನಗರದವಳು, ಇನ್ನೊಬ್ಬ ಎಚ್.ಡಿ. ಕೋಟೆಯವನು. ಮನೆಯಲ್ಲಿ ಕನ್ನಡ, ಕ್ಲಾಸಲ್ಲಿ ಇಂಗ್ಲಿಷ್, ಹಾಸ್ಟೆಲಲ್ಲಿ ಎರಡರ ಚಿತ್ರಾನ್ನ. ಹಾಗಾಗಿ ಈ ಲೇಖನದಲ್ಲಿ ಕಾಗುಣಿತ ತಪ್ಪಿದ್ದರೆ ಸಂಪಾದಕರನ್ನು ಬೈಬೇಡಿ, ನಮ್ಮನ್ನು ಬೈಯಿರಿ.

ವಿಷಯ ಏನಂದ್ರೆ, ಹಳೆಯ ಪ್ರೇಮಗೀತೆಗಳನ್ನು ಜಾಝ್ ಗಾಯಕರು ಹೊಸದಾಗಿ ಹಾಡುತ್ತಾರಲ್ಲ, ಅದು ಹೇಗೆ ಕೆಲಸ ಮಾಡುತ್ತೆ? ಅದೇ ಕೆಲಸವನ್ನು ನಮ್ಮ ‘ಮೈಸೂರು ಮಲ್ಲಿಗೆ’ಗೆ ಮಾಡಬಹುದಾ? ಮಾಡಿದರೆ ಹಾಡು ಉಳಿಯುತ್ತಾ, ಕೆಡುತ್ತಾ? ಕಳೆದ ವರ್ಷ ನಾವು ಒಂದು ಸಲ ಕೆಡಿಸಿದ್ದೇವೆ. ಈ ವರ್ಷ ಒಂದು ಸಲ, ಸುಮಾರಾಗಿ, ಉಳಿಸಿದ್ದೇವೆ. ಎರಡರ ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆಡಿಸಿದ್ದು ಹೇಗೆ

ಫಸ್ಟ್ ಇಯರ್‌ನಲ್ಲಿ ಒಂದು ಕಾರ್ಯಕ್ರಮ. ಕೆ.ಎಸ್. ನರಸಿಂಹಸ್ವಾಮಿಯವರ ಬಳೆಗಾರ ಚೆನ್ನಯ್ಯನ ಪದ್ಯವನ್ನು ಆರಿಸಿಕೊಂಡಿದ್ದೆವು. ಹುಣಸೂರಿನವನು ಕೀಬೋರ್ಡ್, ಪಿರಿಯಾಪಟ್ಟಣದವನು ಕಹೋನ್ (ಮೇಲೆ ಕೂತು ಬಾರಿಸೋ ಮರದ ಪೆಟ್ಟಿಗೆ), ಕೋಟೆಯವನು ಗಿಟಾರ್, ಕೆ.ಆರ್. ನಗರದವಳು ಗಾಯಕಿ. ಯುಟ್ಯೂಬಲ್ಲಿ ಜಾಝ್ ಗಾಯಕಿಯರನ್ನು ಒಂದು ತಿಂಗಳು ಕೇಳಿದ್ದೆವು. ಅವರು ಪದಗಳನ್ನು ಎಳೆಯುತ್ತಾರೆ, ತಡವಾಗಿ ಹಿಡಿಯುತ್ತಾರೆ, ಕೆಲವು ಕಡೆ ನುಂಗುತ್ತಾರೆ. ಇವಳೂ ಹಾಗೇ ಎಳೆದಳು.

ಸಮಸ್ಯೆ ಏನಾಯ್ತು ಅಂದ್ರೆ, ಅವಳು ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ಮೊಬೈಲಲ್ಲಿ ನಾವೆಲ್ಲ ಕನ್ನಡ ಟೈಪ್ ಮಾಡೋದು ಹಾಗೇ ತಾನೆ? ಆ ಅಕ್ಷರಗಳಲ್ಲಿ ‘ಬಳೆ’ ಮತ್ತು ‘ಬಾಳೆ’ ನೋಡೋಕೆ ಒಂದೇ. ಕೈಗೆ ತೊಡಿಸೋ ಬಳೆಯನ್ನು ಅವಳು ಜಾಝ್ ಸ್ಟೈಲಲ್ಲಿ ಎಳೆದಾಗ ಅದು ಬಾಳೆ ಆಯ್ತು. ಹಿಂದಿನ ಸಾಲಿನಿಂದ ಯಾರೋ “ಪಚ್ಚಬಾಳೆ ಕೆ.ಜಿ. ಎಷ್ಟು?” ಅಂತ ಕೂಗಿದರು. ಇಡೀ ಹಾಲ್ ನಕ್ಕಿತು. ನಾವೂ ಸ್ವಲ್ಪ ನಕ್ಕೆವು, ಅದು ತಪ್ಪು. ಅವಳು ಹಾಡು ಮುಗಿಸಿ ಇಳಿದು ಹೋದಳು. ಆಮೇಲೆ ಎರಡು ಸೆಮಿಸ್ಟರ್ ಮೈಕ್ ಹತ್ತಿರ ಬರಲಿಲ್ಲ.

ಒಂದು ಹ್ರಸ್ವ ದೀರ್ಘವಾಗಿದ್ದಕ್ಕೆ ಒಬ್ಬಳು ಹಾಡೋದನ್ನೇ ಬಿಟ್ಟಳು. ಆದ್ದರಿಂದ ಮುಂದೆ ಬರೆಯೋ ಲೆಕ್ಕಾಚಾರ ನಮಗೆ ಬರೀ ಥಿಯರಿ ಅಲ್ಲ.

ಜಾಝ್‌ನವರು ಹಳೇ ಹಾಡನ್ನು ಏನು ಮಾಡುತ್ತಾರೆ?

ಜಾಝ್‌ನಲ್ಲಿ ‘ಸ್ಟ್ಯಾಂಡರ್ಡ್’ ಅಂತ ಒಂದು ಮಾತಿದೆ. ಎಲ್ಲರಿಗೂ ಗೊತ್ತಿರುವ ಹಾಡು, ಎಲ್ಲರೂ ತಮ್ಮದೇ ರೀತಿಯಲ್ಲಿ ಹಾಡುವ ಹಾಡು ಅಂತ ಅರ್ಥ. ಹೆಚ್ಚಿನವು ಅಮೆರಿಕದ ನಾಟಕ ಮತ್ತು ಸಿನಿಮಾಗಳಿಗೆ ಬರೆದ ಪ್ರೇಮಗೀತೆಗಳು. ಉದಾಹರಣೆಗೆ ‘ಮೈ ಫನ್ನಿ ವ್ಯಾಲೆಂಟೈನ್’ 1937ರ ಒಂದು ಸಂಗೀತ ನಾಟಕದ ಹಾಡು. ಅದನ್ನು ಚೆಟ್ ಬೇಕರ್ 1954ರಲ್ಲಿ ಪಿಸುಮಾತಿನ ಹಾಗೆ ಹಾಡಿದರು. 1964ರಲ್ಲಿ ಮೈಲ್ಸ್ ಡೇವಿಸ್ ಅದನ್ನೇ ಟ್ರಂಪೆಟ್‌ನಲ್ಲಿ ನುಡಿಸಿದಾಗ ಮೂಲ ಧಾಟಿ ಎಲ್ಲಿ ಹೋಯ್ತು ಅಂತ ಹುಡುಕಬೇಕು. ಯಾರೂ “ಹಾಡು ಕೆಡಿಸಿದ್ರಿ” ಅನ್ನಲಿಲ್ಲ. ಅಲ್ಲಿ ಬದಲಾಯಿಸದೇ ಹಾಡಿದರೇ “ಇದರಲ್ಲಿ ನಿನ್ನದು ಏನು?” ಅಂತ ಕೇಳುತ್ತಾರೆ.

ಬದಲಾಯಿಸೋಕೆ ಅವರ ಹತ್ತಿರ ಇರೋ ದಾರಿಗಳು ಮುಖ್ಯವಾಗಿ ನಾಲ್ಕು.

ಒಂದು, ನಡೆ. ಇದನ್ನು ‘ಸ್ವಿಂಗ್’ ಅನ್ನುತ್ತಾರೆ. ಒಂದು ಬೀಟನ್ನು ಸಮವಾಗಿ ಎರಡು ಭಾಗ ಮಾಡೋ ಬದಲು, ಮೊದಲನೆಯದನ್ನು ಉದ್ದ, ಎರಡನೆಯದನ್ನು ಗಿಡ್ಡ ಮಾಡುತ್ತಾರೆ. ಸುಮಾರು 2:1 ಅನುಪಾತ. ‘ತಕ ತಕ’ ಅನ್ನೋದು ‘ತಾಕ ತಾಕ’ ಆಗುತ್ತೆ. ವೇಗ ಹೆಚ್ಚಿದಂತೆ ಈ ಅನುಪಾತ ಮತ್ತೆ ಸಮದ ಕಡೆಗೆ ಸರಿಯುತ್ತೆ.

ಎರಡು, ಸಮಯ. ಗಾಯಕಿ ಬೀಟ್‌ಗೆ ಸರಿಯಾಗಿ ಪದ ಇಡದೆ ಸ್ವಲ್ಪ ತಡವಾಗಿ ಇಡುತ್ತಾಳೆ, ಸಾಲಿನ ಕೊನೆಗೆ ಓಡಿ ಬಂದು ಸೇರಿಕೊಳ್ಳುತ್ತಾಳೆ. ಬಿಲ್ಲಿ ಹಾಲಿಡೇ ಇದರಲ್ಲಿ ಎತ್ತಿದ ಕೈ. ಕೇಳುವಾಗ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತೆ.

ಮೂರು, ಸ್ಥಳದಲ್ಲೇ ಹುಟ್ಟಿಸೋದು. ಮೊದಲು ಮೂಲ ಧಾಟಿ, ಮಧ್ಯದಲ್ಲಿ ಆ ಕ್ಷಣಕ್ಕೆ ಹೊಳೆದದ್ದು, ಕೊನೆಗೆ ಮತ್ತೆ ಮೂಲ ಧಾಟಿ. 1960ರಲ್ಲಿ ಬರ್ಲಿನ್‌ನ ಕಛೇರಿಯಲ್ಲಿ ಎಲ್ಲಾ ಫಿಟ್ಝ್‌ಜೆರಾಲ್ಡ್‌ಗೆ ಹಾಡಿನ ಸಾಲುಗಳೇ ಮರೆತುಹೋದವು. ಅವರು ನಿಲ್ಲಿಸದೆ, ಮರೆತೆ ಅನ್ನೋದನ್ನೇ ಹಾಡಾಗಿ ಕಟ್ಟಿ ಹಾಡಿಬಿಟ್ಟರು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಬಂತು. ವೈವಾದಲ್ಲಿ ಉತ್ತರ ಮರೆತಾಗ ಇದನ್ನು ಟ್ರೈ ಮಾಡಬೇಡಿ.

ನಾಲ್ಕು, ಕಾರ್ಡ್‌ಗಳು. ಎಟಿಎಂ ಕಾರ್ಡ್ ಅಲ್ಲ, ಒಟ್ಟಿಗೆ ನುಡಿಸೋ ಸ್ವರಗಳ ಗುಂಪು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜಾಝ್‌ನ ಅರ್ಧ ಮಾಯೆ ಇರೋದು ಇಲ್ಲೇ.

ಒಂದೇ ಸ್ವರ, ನಾಲ್ಕು ಮನಸ್ಸು

ನಮ್ಮ ಸಂಗೀತದಲ್ಲಿ ತಂಬೂರಿ ಷಡ್ಜವನ್ನು ಹಿಡಿದು ನಿಂತಿರುತ್ತೆ. ಯಾವ ಸ್ವರ ಹಾಡಿದರೂ ಅದರ ಅರ್ಥ ಆ ‘ಸ’ದಿಂದ ಎಷ್ಟು ದೂರ ಅನ್ನೋದರ ಮೇಲೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಜರುಗುತ್ತೆ. ಇ.ಸಿ. ಬ್ರಾಂಚಿನವರಿಗೆ ಹೇಳೋದಾದರೆ, ಪಾಯಿಂಟ್ ಅದೇ, ಆದರೆ ಗ್ರೌಂಡ್ ಬೇರೆ ಕಡೆ ಹಿಡಿದರೆ ಮೀಟರಿನ ಓದು ಬೇರೆ.

ಕೀಬೋರ್ಡಲ್ಲಿ ‘ಸಿ’ ಸ್ವರವನ್ನು ‘ಸ’ ಅಂದುಕೊಳ್ಳಿ. ಗಾಯಕಿ ಅದನ್ನೇ ಹಿಡಿದು ನಿಂತಿದ್ದಾಳೆ. ಕೆಳಗೆ ‘ಸಿ ಮೇಜರ್’ (ಸಿ, ಇ, ಜಿ) ನುಡಿಸಿದರೆ ಅವಳು ಮನೆ ಜಗುಲಿ ಮೇಲೆ ಕೂತಿದ್ದಾಳೆ. ‘ಎಫ್ ಮೇಜರ್’ (ಎಫ್, ಎ, ಸಿ) ನುಡಿಸಿದರೆ ಅದೇ ಸ್ವರ ಆ ಗುಂಪಿನ ಪಂಚಮ. ಮನೆ ಬಿಟ್ಟು ಬೀದಿಗೆ ಬಂದ ಹಾಗೆ, ಆದರೆ ಆರಾಮ. ‘ಎ ಮೈನರ್’ (ಎ, ಸಿ, ಇ) ನುಡಿಸಿದರೆ ಅದು ಕೋಮಲ ಗಾಂಧಾರವಾಗಿ ಸ್ವಲ್ಪ ಮಂಕಾಗುತ್ತೆ. ಇನ್ನು ‘ಡಿ ಸೆವೆಂತ್’ (ಡಿ, ಎಫ್ ಶಾರ್ಪ್, ಎ, ಸಿ) ನುಡಿಸಿದರೆ ಅದೇ ‘ಸಿ’ ನಿಲ್ಲೋಕಾಗದೆ ಚಡಪಡಿಸುತ್ತೆ, ಕೆಳಗಿನ ‘ಬಿ’ಗೆ ಇಳಿಯಬೇಕು ಅನ್ನುತ್ತೆ. ಗಾಯಕಿ ಏನೂ ಬದಲಾಯಿಸಿಲ್ಲ. ಕೇಳುವವರ ಮನಸ್ಸು ನಾಲ್ಕು ಸಲ ಬದಲಾಯ್ತು.

ಪ್ರೇಮಗೀತೆಗೆ ಇದು ಎಷ್ಟು ಹೊಂದುತ್ತೆ ನೋಡಿ. “ಚೆನ್ನಾಗಿದ್ದೀನಿ” ಅನ್ನೋ ಒಂದೇ ಮಾತನ್ನು ಯಾವ ಸಂದರ್ಭದಲ್ಲಿ ಹೇಳಿದರು ಅನ್ನೋದರ ಮೇಲೆ ಅರ್ಥ ಬದಲಾಗೋದಿಲ್ಲವೇ?

ಒಂದು ತಕರಾರು ಇದೆ. ಕೀಬೋರ್ಡ್ ಮತ್ತು ಗಿಟಾರಿನ ಶ್ರುತಿ ಸಮ ವಿಭಜನೆಯದು. ಪಕ್ಕಪಕ್ಕದ ಎರಡು ಸ್ವರಗಳ ಆವೃತ್ತಿಯ ಅನುಪಾತ 2ರ ಹನ್ನೆರಡನೇ ಮೂಲ, ಅಂದರೆ ಸುಮಾರು 1.0595. ಹೀಗೆ ಲೆಕ್ಕ ಹಾಕಿದರೆ ಪಂಚಮ 1.4983 ಬರುತ್ತೆ, ತಂಬೂರಿಯ ಪಂಚಮ 1.5. ಇದು ಕಿವಿಗೆ ಗೊತ್ತಾಗಲ್ಲ. ಆದರೆ ಗಾಂಧಾರ 1.2599, ಶುದ್ಧವಾಗಿ ಇರಬೇಕಾದ್ದು 1.25. ಇದು ಗೊತ್ತಾಗುತ್ತೆ. ಜೊತೆಗೆ ಗಮಕ ಅನ್ನೋದು ಎರಡು ಕೀಗಳ ನಡುವಿನ ಜಾಗದಲ್ಲಿ ಓಡಾಡೋದು. ಕೀಬೋರ್ಡಿಗೆ ಆ ಜಾಗವೇ ಇಲ್ಲ. ಹಾಗಾಗಿ ಗಮಕ ಬರೋ ಕಡೆ ಕೀಬೋರ್ಡ್ ಸುಮ್ಮನಿರಬೇಕು. ಹುಣಸೂರಿನವನಿಗೆ ಸುಮ್ಮನಿರೋದನ್ನು ಕಲಿಸೋಕೆ ನಮಗೆ ಮೂರು ವಾರ ಹಿಡಿಯಿತು.

‘ಮೂಲ ಧಾಟಿ’ ಅಂದರೆ ಯಾವುದು?

ಈಗ ನಮ್ಮ ಕಡೆ ಬರೋಣ. ಕೆ.ಎಸ್.ನ. ಹುಟ್ಟಿದ್ದು 1915ರಲ್ಲಿ, ಕಿಕ್ಕೇರಿಯಲ್ಲಿ. ಅದು ಕೆ.ಆರ್. ಪೇಟೆ ತಾಲ್ಲೂಕು. ನಮ್ಮ ಕೆ.ಆರ್. ನಗರದ ಪಕ್ಕದ್ದೇ. ‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಗಂಡ ಹೆಂಡತಿಯ ಪ್ರೀತಿ, ತವರು, ನವಿಲೂರು, ಶಾನುಭೋಗರ ಮನೆ, ಬಳೆಗಾರ ಇವೆಲ್ಲ ಇರುವ ಪುಸ್ತಕ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳ ಪ್ರಭಾವ ಇದರ ಮೇಲೆ ಇದೆ ಅಂತ ವಿಮರ್ಶಕರು ಹೇಳುತ್ತಾರೆ. ಅಂದರೆ ಎಲ್ಲೋ ಹುಟ್ಟಿದ ಧಾಟಿ ಕಿಕ್ಕೇರಿಗೆ ಬಂದು ಪೂರ್ತಿ ಕಿಕ್ಕೇರಿಯದೇ ಆಗೋದು ಆಗಲೇ ನಡೆದಿದೆ.

ಪುಸ್ತಕ ಬಂದಾಗ ಅದರಲ್ಲಿ ಇದ್ದದ್ದು ಪದ್ಯಗಳು. ಅವು ಮನೆಮನೆಯ ಹಾಡುಗಳಾದದ್ದು ಗಾಯಕರಿಂದ. ಕನ್ನಡ ಕವಿತೆಯನ್ನು ವೇದಿಕೆಗೆ ತಂದವರಲ್ಲಿ ಪಿ. ಕಾಳಿಂಗರಾವ್ (1914–1981) ಮೊದಲಿಗರು. ಆಮೇಲೆ ಮೈಸೂರು ಅನಂತಸ್ವಾಮಿ ಕೆ.ಎಸ್.ನ. ಸೇರಿದಂತೆ ಅನೇಕ ಕವಿಗಳಿಗೆ ರಾಗ ಹಾಕಿದರು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ ಅವರದೇ ಸಂಗೀತ. ಈಗ ನಾವು ಕಾರ್ಯಕ್ರಮದಲ್ಲಿ ಎದ್ದು ನಿಂತು ಹಾಡೋ ನಾಡಗೀತೆಯ ಧಾಟಿಯೂ ಅವರದೇ. 2022ರಲ್ಲಿ ಸರ್ಕಾರ ಅದನ್ನು 2 ನಿಮಿಷ 30 ಸೆಕೆಂಡಿಗೆ ನಿಗದಿ ಮಾಡಿತು. ಇನ್ನು ಸಿ. ಅಶ್ವತ್ಥ್. ಅವರು ಸಿನಿಮಾಕ್ಕೆ ಸಂಗೀತ ನಿರ್ದೇಶಕರಾಗಿ ಬಂದದ್ದು ‘ಕಾಕನಕೋಟೆ’ (1977) ಚಿತ್ರದಿಂದ. ಕಾಕನಕೋಟೆ ಎಚ್.ಡಿ. ಕೋಟೆಯ ಕಾಡು ಅನ್ನೋದನ್ನು ನಮ್ಮ ಕೋಟೆಯವನು ದಿನಕ್ಕೊಂದು ಸಲ ನೆನಪಿಸುತ್ತಾನೆ. 1992ರಲ್ಲಿ ಟಿ.ಎಸ್. ನಾಗಾಭರಣರ ‘ಮೈಸೂರು ಮಲ್ಲಿಗೆ’ ಸಿನಿಮಾಕ್ಕೆ ಅಶ್ವತ್ಥ್ ಸಂಗೀತ ಕೊಟ್ಟರು. ಆ ಚಿತ್ರದ ಗೀತೆಗಳಿಗಾಗಿ ಕೆ.ಎಸ್.ನ. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕವಿತೆಗಳು ಪುಸ್ತಕವಾಗಿ ಬಂದು ಆಗಲೇ 50 ವರ್ಷ!

ಅಂದರೆ ನಾವು ‘ಮೂಲ ಧಾಟಿ’ ಅನ್ನೋದು ನಿಜಕ್ಕೂ ನಾವು ಮೊದಲು ಕೇಳಿದ ಧಾಟಿ. ಅನಂತಸ್ವಾಮಿ ಮಾಡಿದ್ದೂ ಒಂದು ವ್ಯಾಖ್ಯಾನ, ಅಶ್ವತ್ಥ್ ಮಾಡಿದ್ದೂ ಒಂದು ವ್ಯಾಖ್ಯಾನ. ಕನ್ನಡದ ಸ್ಟ್ಯಾಂಡರ್ಡ್‌ಗಳು ಅಂತ ಇದ್ದರೆ ಅವು ಇವೇ.

ಜಾಝ್ ಕೂಡ ನಮಗೆ ಪೂರ್ತಿ ಹೊರಗಿನದೇನಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಒಬ್ಬ ಹುಡುಗ ಮುಂದೆ ಕದ್ರಿ ಗೋಪಾಲನಾಥ್ ಆದರು. ಜಾಝ್‌ನ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದರು. 2008ರಲ್ಲಿ ಅವರೂ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೂ ಸೇರಿ ‘ಕಿನ್ಸ್‌ಮೆನ್’ ಆಲ್ಬಂ ಮಾಡಿದರು. ಸಿನಿಮಾದಲ್ಲಿ ಜಿ.ಕೆ. ವೆಂಕಟೇಶ್ ಇದ್ದಾರೆ. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದಲ್ಲಿ ಡಾ. ರಾಜ್ ಹಾಡಿದ ಇಂಗ್ಲಿಷ್ ಹಾಡನ್ನು ನಾವು ಮೀಮ್ ಮಾಡಿ ನಗುತ್ತೇವೆ. ಒಂದು ಸಲ ಇಯರ್‌ಫೋನ್ ಹಾಕಿ ಅದರ ವಾದ್ಯಗಳನ್ನು ಕೇಳಿ, ನಗು ನಿಲ್ಲುತ್ತೆ. ಮೈಸೂರಿನ ಶಿವರಾಂಪೇಟೆಯ ರಾಜನ್-ನಾಗೇಂದ್ರ ಸಹೋದರರ ಪ್ರೇಮಗೀತೆಗಳಲ್ಲೂ ಪಾಶ್ಚಾತ್ಯ ವಾದ್ಯಗಳಿವೆ; ಆದರೂ ಅವು ಎಷ್ಟು ಮೈಸೂರಿನವು ಅನ್ನಿಸುತ್ತವೆ. ಬೆಂಗಳೂರಿನಲ್ಲಿ ಜಾಝ್ ಗಾಯಕಿ ರಾಧಾ ಥಾಮಸ್ ಇದ್ದಾರೆ. ಸುಗಮ ಸಂಗೀತದ ಹಾದಿಯಲ್ಲಿ ಬಂದು, ಬೇರೆ ಬೇರೆ ಶೈಲಿಯ ವಾದಕರ ಜೊತೆ ಕನ್ನಡ ಕಾವ್ಯ ಹಾಡುವ ಎಂ.ಡಿ. ಪಲ್ಲವಿ ಇದ್ದಾರೆ. ಪಲ್ಲವಿಯವರನ್ನು ಕೇಳಿದಾಗ ನಮಗೆ ಮೊದಲು ಗಮನಕ್ಕೆ ಬಂದದ್ದು ಒಂದೇ: ಎಷ್ಟೇ ವಾದ್ಯ ಇರಲಿ, ಪ್ರತಿ ಪದ ಕಿವಿಗೆ ಬೀಳುತ್ತೆ. ನಾವು ಎಡವಿದ್ದೂ ಅಲ್ಲೇ.

ಕನ್ನಡ ಎಳೆಯೋಕೆ ಬಿಡಲ್ಲ

ಇಂಗ್ಲಿಷ್‌ನಲ್ಲಿ ಹಾಡುಗಾರ ಒಂದು ಸ್ವರವನ್ನು ಎಳೆದರೆ ಸಾಮಾನ್ಯವಾಗಿ ಪದ ಅದೇ ಉಳಿಯುತ್ತೆ. ಕನ್ನಡದಲ್ಲಿ ಉದ್ದವೇ ಅರ್ಥ. ಬಳೆ–ಬಾಳೆ, ಮರ–ಮಾರ, ಕಡು–ಕಾಡು, ಬರಿ–ಬಾರಿ. ಜಾಝ್ ಗಾಯಕಿಯ ದೊಡ್ಡ ಆಯುಧವೇ ಎಳೆಯೋದು. ಅದನ್ನು ಹಾಗೇ ಎತ್ತಿ ತಂದರೆ ನಮ್ಮ ಪದ ಮುರಿಯುತ್ತೆ.

ಹಾಗಾದರೆ ಎಳೆಯಲೇಬಾರದಾ? ಎಳೆಯಬಹುದು, ಜಾಗ ನೋಡಿ. ದೀರ್ಘ ಇರೋ ಕಡೆ ಎಳೆಯಿರಿ. ಪದ ಮುಗಿದ ಮೇಲೆ ಎಳೆಯಿರಿ. ಎರಡು ಪದಗಳ ನಡುವೆ ಮೌನ ಬಿಡಿ. ಹ್ರಸ್ವ ಇರೋ ಕಡೆ ಪದವನ್ನೇ ತಡವಾಗಿ ಶುರುಮಾಡಿ, ಆದರೆ ಶುರು ಮಾಡಿದ ಮೇಲೆ ಅದರ ಅಳತೆಯಲ್ಲೇ ಮುಗಿಸಿ. ಕರ್ನಾಟಕ ಸಂಗೀತದ ನೆರವಲ್ ಇದೇ ಅಲ್ಲವಾ? ಒಂದೇ ಸಾಲು, ಪದಗಳು ಇದ್ದಲ್ಲೇ ಇರುತ್ತವೆ, ಸ್ವರ ಮಾತ್ರ ಪ್ರತಿ ಸಲ ಹೊಸದು. ನಮ್ಮ ಕಡೆ ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರೂ ಒಂದು ರಾತ್ರಿ ಹಾಡಿದ್ದನ್ನು ಇನ್ನೊಂದು ರಾತ್ರಿ ಹಾಗೇ ಹಾಡಲ್ಲ. ಆದರೂ ಮುಂದೆ ಕೂತವರಿಗೆ ಕಥೆ ಒಂದು ಪದವೂ ತಪ್ಪಲ್ಲ.

ಇಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ಮಾತ್ರೆ ಎಣಿಸೋದು ಅಂದರೆ ಎರಡು ಮಾರ್ಕ್ಸ್‌ಗೆ ಅಂತ ಕಲಿತಿದ್ದೆವು. ಹ್ರಸ್ವ ಒಂದು ಮಾತ್ರೆ, ದೀರ್ಘ ಎರಡು, ಒತ್ತಕ್ಷರದ ಹಿಂದಿನ ಅಕ್ಷರ ಎರಡು. ಈಗ ಇದನ್ನು ತಾಳಕ್ಕೆ ಜೋಡಿಸಿ ನೋಡಿ.

ಮೂರು ಮಾತ್ರೆಯ ಗಣಗಳಲ್ಲಿ ನಡೆಯೋ ಪದ್ಯ ಜಾಝ್ ವಾಲ್ಟ್ಸ್‌ಗೆ ಸಲೀಸಾಗಿ ಕೂರುತ್ತೆ. ಸ್ವಿಂಗ್‌ಗೂ ಕೂರುತ್ತೆ, ಯಾಕೆಂದರೆ 2:1 ಅಂದರೆ ಒಳಗೆ ಮೂರು ಇದೆ. ನಾಲ್ಕು ಮಾತ್ರೆಯದು ಮಾಮೂಲಿ ನಾಲ್ಕು ಬೀಟ್. ಮೂರು ಮತ್ತು ನಾಲ್ಕು ಸೇರಿದ್ದು ಏಳು, ಅಂದರೆ ಮಿಶ್ರ ಚಾಪು. ಭಾಮಿನಿ ಷಟ್ಪದಿಯ ನಡೆ. ಐದು ಮಾತ್ರೆಯದು? ಅಲ್ಲೇ ನಮ್ಮ ಬಳೆಗಾರ ಸಿಕ್ಕಿದ.

ಬಳೆಗಾರನಿಗೆ ಐದು

ಹೆಸರನ್ನೇ ಎಣಿಸಿ. ಬ(1) ಳೆ(1) ಗಾ(2) ರ(1): ಐದು. ಚೆ(2) ನ್ನ(2) ಯ್ಯ(1): ಐದು. ಪುಸ್ತಕ ತೆಗೆದು ಮುಂದಿನ ಸಾಲುಗಳನ್ನು ಎಣಿಸಿದೆವು. ಐದೈದೇ ಹೋಗುತ್ತೆ.

ಐದು ಅಂದ ಕೂಡಲೇ ಪಿರಿಯಾಪಟ್ಟಣದವನು ಕುಣಿದ. ಜಾಝ್‌ನ ಅತಿ ಪ್ರಸಿದ್ಧ ಐದು ಬೀಟಿನ ಸಂಗೀತ ‘ಟೇಕ್ ಫೈವ್’. ಪಾಲ್ ಡೆಸ್ಮಂಡ್ ರಚನೆ; ಡೇವ್ ಬ್ರೂಬೆಕ್ ಕ್ವಾರ್ಟೆಟ್ 1959ರಲ್ಲಿ ‘ಟೈಮ್ ಔಟ್’ ಆಲ್ಬಂನಲ್ಲಿ ನುಡಿಸಿತು. ಅದೇ ನಡೆಯಲ್ಲಿ ಬಳೆಗಾರನನ್ನು ನಡೆಸಿದರೆ ಸೂಪರ್ ಅಂತ ಎಲ್ಲರೂ ಒಪ್ಪಿದೆವು. ದಸರಾ ರಜೆಯಲ್ಲಿ ಅವನ ಊರಿಗೆ ಹೋದೆವು. ಆಗ ಹೊಗೆಸೊಪ್ಪು ಹದ ಮಾಡೋ ಕಾಲ. ಬ್ಯಾರನ್‌ಗೆ ರಾತ್ರಿಯೆಲ್ಲ ಬೆಂಕಿ ನೋಡಿಕೊಳ್ಳಬೇಕು. ಅವರಪ್ಪ ಸೌದೆ ಹಾಕುತ್ತಾ ಕೂತರೆ ನಾವು ಪಕ್ಕದಲ್ಲಿ ಕಹೋನ್, ಗಿಟಾರ್ ಹಿಡಿದು ಕೂತೆವು. ಕೆ.ಆರ್. ನಗರದವಳು ರಾತ್ರಿ ಅಲ್ಲಿಗೆ ಬರೋ ಹಾಗಿಲ್ಲ. ಬಂದರೂ ಹಾಡಲ್ಲ ಅಂತ ಹೇಳಿದ್ದಳು. ಹಾಗಾಗಿ ನಾವೇ ಗೊಗ್ಗರು ದನಿಯಲ್ಲಿ ಹಾಡಿ ರೆಕಾರ್ಡ್ ಮಾಡಿ ಅವಳಿಗೆ ಕಳಿಸಿದೆವು.

ಏನೋ ಸರಿ ಇರಲಿಲ್ಲ. ಲೆಕ್ಕ ಐದೇ ಇದೆ, ಆದರೂ ಹಾಡು ಎಡವುತ್ತಿತ್ತು. ಕಾರಣ ನಮಗೆ ಗೊತ್ತಾಗಲಿಲ್ಲ.

ಗೊತ್ತು ಮಾಡಿದ್ದು ಅವಳ ಅಜ್ಜಿ. ಸಾಲಿಗ್ರಾಮದ ಹತ್ತಿರ ಅವರ ಮನೆ. ಮೊಮ್ಮಗಳ ಫೋನಲ್ಲಿ ನಮ್ಮ ರೆಕಾರ್ಡಿಂಗ್ ಕೇಳಿ ಅಜ್ಜಿ ಹೇಳಿದ್ದು ಇಷ್ಟು: “ಇದ್ಯಾಕ್ ಮಗಾ ಇಂಗೆ ಕುಂಟ್ತದೆ? ಗಾಡಿ ಗುಂಡಿಗೆ ಇಳ್ದಂಗೆ.” ಆಮೇಲೆ ಮಂಡಿ ಮೇಲೆ ತಟ್ಟಿ ತೋರಿಸಿದರಂತೆ. ತಕ, ತಕಿಟ. ಎರಡು, ಮೂರು.

ಅದನ್ನು ಅವಳು ನಮಗೆ ವಾಯ್ಸ್ ಮೆಸೇಜಲ್ಲಿ ತಟ್ಟಿ ಕಳಿಸಿದಳು. ಆಗ ಅರ್ಥ ಆಯ್ತು. ‘ಟೇಕ್ ಫೈವ್’ನ ಐದು, ಮೂರು ಮತ್ತು ಎರಡು. ಒತ್ತು ಬೀಳೋದು ಒಂದನೆಯ ಮತ್ತು ನಾಲ್ಕನೆಯ ಎಣಿಕೆಗೆ. ಈಗ ‘ಬಳೆಗಾರ’ ನೋಡಿ. ಒಂದು ಬ, ಎರಡು ಳೆ, ಮೂರು ಮತ್ತು ನಾಲ್ಕು ಸೇರಿ ಗಾ, ಐದು ರ. ನಾಲ್ಕನೇ ಎಣಿಕೆ ‘ಗಾ’ದ ಹೊಟ್ಟೆಯಲ್ಲಿ ಬೀಳುತ್ತೆ! ‘ಚೆನ್ನಯ್ಯ’ದಲ್ಲೂ ಅಷ್ಟೇ, ನಾಲ್ಕನೆಯದು ‘ನಯ್’ ಮಧ್ಯೆ ಗುದ್ದುತ್ತೆ. ಪ್ರತಿ ಗಣದಲ್ಲೂ ಪದದ ಸೊಂಟ ಮುರಿಯುತ್ತಿದ್ದೆವು. ಅದನ್ನೇ ಎರಡು ಮತ್ತು ಮೂರು ಮಾಡಿದರೆ ಬಳೆ | ಗಾರ, ಚೆನ್ | ನಯ್ಯ. ಒತ್ತು ಸರಿಯಾಗಿ ಅಕ್ಷರದ ಬಾಗಿಲಲ್ಲಿ ಬೀಳುತ್ತೆ. ಇದು ನಮ್ಮ ಖಂಡ ಚಾಪು. ಪಿರಿಯಾಪಟ್ಟಣದವನು ಕಹೋನ್‌ನ ಪೆಟ್ಟು ಒಂದೇ ಒಂದು ಮಾತ್ರೆ ಹಿಂದಕ್ಕೆ ಜರುಗಿಸಿದ. ಹಾಡು ನಡೆಯೋಕೆ ಶುರುವಾಯ್ತು.

ಅಜ್ಜಿಯ ಇನ್ನೊಂದು ಪ್ರಶ್ನೆ

ಮುಂದಿನ ಭಾನುವಾರ ನಾಲ್ಕೂ ಜನ ಬಸ್ ಹಿಡಿದು ಅಜ್ಜಿಯ ಮನೆಗೇ ಹೋದೆವು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಶುರುಮಾಡಿ ‘ಆಕಾಶವಾಣಿ’ ಅಂತ ಹೆಸರಿಟ್ಟ ಆ ಪರಂಪರೆಯ ರೇಡಿಯೊ ಕೇಳುತ್ತಾ ಬೆಳೆದವರು ಅವರು. ಹಾಡುಗಳೆಲ್ಲ ಬಾಯಲ್ಲೇ ಇವೆ. ಓದಿದ್ದು ನಾಲ್ಕನೇ ಕ್ಲಾಸು.

ನಾವು ನುಡಿಸಿದೆವು. ಜೋರಾಗಿ, ಚುರುಕಾಗಿ, ಮಧ್ಯದಲ್ಲಿ ಕೀಬೋರ್ಡ್ ಸೋಲೋ ಹಾಕಿ. ಅಜ್ಜಿ ಕೇಳಿಸಿಕೊಂಡು, “ಸುದ್ದಿ ತಂದೋನು ಇಷ್ಟು ಅವಸರ ಮಾಡ್ತಾನಾ?” ಅಂದರು.

ಆಮೇಲೆ ಹೇಳಿದರು. ಅವರ ತವರು ಕೆ.ಆರ್. ಪೇಟೆ ಕಡೆ. ಮದುವೆಯಾಗಿ ಬಂದಾಗ ಚಿಕ್ಕ ವಯಸ್ಸು. ಫೋನ್ ಇಲ್ಲ, ಕಾಗದ ಬರೆಯೋರಿಲ್ಲ. ಊರೂರು ತಿರುಗೋ ಬಳೆಗಾರ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಜಗುಲಿ ಮೇಲೆ ಮಲಾರ ಬಿಚ್ಚಿ, ಕೈ ಹಿಡಿದು ಒಂದೊಂದೇ ಬಳೆ ಏರಿಸುತ್ತಾ, ನಿಮ್ಮವ್ವ ಹೀಗಂದಳು, ನಿಮ್ಮ ತಮ್ಮನಿಗೆ ಹುಷಾರಿಲ್ಲ, ಹಸು ಕರು ಹಾಕಿದೆ ಅಂತ ಹೇಳುತ್ತಿದ್ದ. “ಅವ್ನು ಬಂದ್ರೆ ತವರೇ ಬಂದಂಗೆ ಕಣವ್ವ. ಬೇಗ ಬೇಗ ಹೇಳಿ ಹೋಗ್ಬುಟ್ರೆ ಆಯ್ತದಾ?”

ನಮ್ಮಲ್ಲಿ ಯಾರೂ ಬಳೆಗಾರನನ್ನು ನೋಡಿಲ್ಲ. ನಮಗೆ ಬಳೆ ಅಂದರೆ ಫ್ಯಾನ್ಸಿ ಸ್ಟೋರ್. ಪದ್ಯದಲ್ಲಿ ಬಳೆಗಾರ ನಿಂತಿರೋದು ಗಂಡನ ಮನೆಯ ಬಾಗಿಲಲ್ಲಿ, ತವರಿಗೆ ಹೋದ ಹೆಂಡತಿಯ ಕಡೆಯಿಂದ ಮಾತು ಹೊತ್ತು. ಅವನು ಬಂದಿರೋದು ಬಳೆ ಮಾರೋಕಲ್ಲ. ಇದು ನಮಗೆ ಆ ದಿನದವರೆಗೆ ಹೊಳೆದೇ ಇರಲಿಲ್ಲ. ಪ್ರೇಮಗೀತೆಯಲ್ಲಿ ಪ್ರೇಮಿಗಳಿಬ್ಬರೂ ಬಾಯಿಬಿಡದೆ, ಮೂರನೆಯವನೊಬ್ಬ ಅವರ ಪ್ರೀತಿಯನ್ನು ಹೊತ್ತು ತಂದು ಹೇಳುತ್ತಿದ್ದಾನೆ!

ಹೊಸ ವ್ಯಾಖ್ಯಾನ ಅಂದರೆ ಕಾರ್ಡ್ ಬದಲಾಯಿಸೋದು, ತಾಳ ಬದಲಾಯಿಸೋದು ಅಂತ ಅಂದುಕೊಂಡಿದ್ದೆವು. ಅದು ಎರಡನೇ ಕೆಲಸ. ಮೊದಲನೆಯದು, ಯಾರು, ಯಾರಿಗೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನೋದನ್ನು ತಿಳಿಯೋದು. ಬಿಲ್ಲಿ ಹಾಲಿಡೇ ತಡವಾಗಿ ಪದ ಇಡೋದು ಸ್ಟೈಲಿಗಲ್ಲ, ಹೇಳೋಕೆ ಕಷ್ಟವಾದ ಮಾತಿಗೆ ಅನ್ನೋದೂ ಆಗ ಗೊತ್ತಾಯ್ತು.

ಊರಿಗೆ ವಾಪಸ್ ಬಂದು ಎಲ್ಲ ಬದಲಾಯಿಸಿದೆವು. ವೇಗ ಇಳಿಸಿದೆವು. ಕೀಬೋರ್ಡ್ ಸೋಲೋ ತೆಗೆದೆವು. ಮೊದಲ ಎರಡು ಸಾಲಿಗೆ ಬರೀ ಗಿಟಾರ್. ಬಳೆಗಾರ ಮಾತಾಡುವಾಗ ನೆಲ ಗಟ್ಟಿ, ಒಂದೇ ಕಾರ್ಡ್. ಅವಳ ಸುದ್ದಿ ಬರೋ ಕಡೆ, ಅದೇ ಸ್ವರದ ಕೆಳಗೆ ಚಡಪಡಿಸೋ ಆ ಸೆವೆಂತ್. ಮುಖ್ಯವಾಗಿ, ಕೆ.ಆರ್. ನಗರದವಳು ಇಡೀ ಪದ್ಯವನ್ನು ಕನ್ನಡ ಅಕ್ಷರದಲ್ಲಿ, ಕೈಯಾರೆ, ಬರೆದುಕೊಂಡಳು. ದೀರ್ಘ ಇರೋ ಕಡೆಯೆಲ್ಲ ಕೆಂಪು ಪೆನ್ನಲ್ಲಿ ಗೆರೆ. ಕೆಂಪು ಗೆರೆ ಇದ್ದಲ್ಲಿ ಎಷ್ಟು ಬೇಕಾದರೂ ಎಳೆಯಬಹುದು, ಇಲ್ಲದ ಕಡೆ ಇಲ್ಲ. ನಮ್ಮ ಕೋಡ್ ರಿವ್ಯೂ ಕೂಡ ಇಷ್ಟು ಶಿಸ್ತಾಗಿ ನಡೆದಿಲ್ಲ.

ವೇದಿಕೆ, ಮತ್ತೆ

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹಾಡಿದೆವು. ಹೆಸರು ಕೂಗಿದಾಗ ಹಿಂದಿನ ಸಾಲಿಂದ ಯಾರೋ ಮತ್ತೆ “ಬಾಳೆಹಣ್ಣು” ಅಂದರು. ಅವಳು ಒಂದು ಕ್ಷಣ ನಿಂತಳು. ಆಮೇಲೆ ಮೈಕ್ ಹತ್ತಿರ ಹೋಗಿ ‘ಬಳೆ’ ಅನ್ನೋದನ್ನು ಎರಡೇ ಮಾತ್ರೆಯಲ್ಲಿ, ಚಿಕ್ಕದಾಗಿ, ಸ್ಪಷ್ಟವಾಗಿ ಹೇಳಿ, ಮೌನ ಬಿಟ್ಟು, ಮುಂದಿನದನ್ನು ಎತ್ತಿಕೊಂಡಳು. ಯಾರೂ ನಗಲಿಲ್ಲ. ಎರಡನೇ ಚರಣದಲ್ಲಿ ನಮ್ಮ ಗಿಟಾರ್ ಒಂದು ಸಲ ತಪ್ಪಿತು. ಅವಳು ತಪ್ಪಲಿಲ್ಲ.

ಮುಗಿದ ಮೇಲೆ ಅತಿಥಿಗಳಾಗಿ ಬಂದಿದ್ದ ಹಿರಿಯರೊಬ್ಬರು ಕರೆದು, “ಅಷ್ಟು ಚೆಂದದ ಧಾಟಿ ಇರುವಾಗ ಇದೆಲ್ಲ ಯಾಕಪ್ಪ?” ಅಂತ ಕೇಳಿದರು. ಅವರ ಮಾತು ಪೂರ್ತಿ ತಪ್ಪೇನಲ್ಲ. ಹೊಸದು ಅನ್ನೋ ಒಂದೇ ಕಾರಣಕ್ಕೆ ಮಾಡಿದರೆ ಅದು ಕಳೆದ ವರ್ಷದ ನಮ್ಮ ಹಾಡಿನ ಹಾಗೆ ಆಗುತ್ತೆ. ಆದರೆ ನಮ್ಮ ಉತ್ತರ ಇದು: ಆ ಧಾಟಿಯಲ್ಲೇ ಕೇಳುತ್ತಿದ್ದಾ‌ಗ ನಾವು ಆ ಹಾಡನ್ನು ಗುನುಗುತ್ತಿದ್ದೆವು, ಕೇಳಿಸಿಕೊಂಡಿರಲಿಲ್ಲ. ಬಿಚ್ಚಿ ಮತ್ತೆ ಜೋಡಿಸುವಾಗಲೇ ಬಳೆಗಾರ ಯಾರ ಬಾಗಿಲಲ್ಲಿ ನಿಂತಿದ್ದಾನೆ ಅಂತ ಗೊತ್ತಾದದ್ದು. ಈಗ ಹಳೆಯ ಧಾಟಿಯನ್ನು ಕೇಳಿದರೆ ಅದೂ ಬೇರೆಯಾಗಿ ಕೇಳುತ್ತೆ.

ರೆಕಾರ್ಡಿಂಗನ್ನು ಅಜ್ಜಿಗೆ ಕೇಳಿಸಿದೆವು. “ಈಗ ಕುಂಟಲ್ಲ” ಅಂದರು. ಅಷ್ಟೇ.

ನೀವೂ ಮಾಡೋದಾದರೆ

ಒಂದು ಎಚ್ಚರಿಕೆ. ನಮ್ಮ ದೇಶದ ಕಾನೂನಿನಂತೆ ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಕೆ.ಎಸ್.ನ. ತೀರಿಕೊಂಡದ್ದು 2003ರಲ್ಲಿ. ಧಾಟಿಯ ಹಕ್ಕು ಬೇರೆ, ಸಂಗೀತ ನಿರ್ದೇಶಕರದ್ದು. ಕಾಲೇಜಿನೊಳಗೆ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರ ಮುಂದೆ ಹಾಡೋಕೆ ಕಾನೂನಿನಲ್ಲೇ ಅವಕಾಶ ಇದೆ. ಯುಟ್ಯೂಬಿಗೆ ಹಾಕೋದು ಬೇರೆ ಮಾತು, ಅನುಮತಿ ಬೇಕು. ಅದಕ್ಕೇ ನಮ್ಮ ವಿಡಿಯೊ ಲಿಂಕ್ ಇಲ್ಲಿ ಕೊಟ್ಟಿಲ್ಲ.

ಉಳಿದದ್ದು ಸುಲಭ. ನಿಮಗೆ ಇಷ್ಟವಾದ ಒಂದು ಭಾವಗೀತೆ ಆರಿಸಿ. ಕನ್ನಡ ಅಕ್ಷರದಲ್ಲಿ ಕೈಯಲ್ಲಿ ಬರೆಯಿರಿ. ಮಾತ್ರೆ ಎಣಿಸಿ, ಮೂರಾ, ನಾಲ್ಕಾ, ಐದಾ, ಏಳಾ ನೋಡಿ. ದೀರ್ಘಗಳಿಗೆ ಗೆರೆ ಹಾಕಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಒಂದು ಸಾಲು ಬರೆಯಿರಿ. ಅದು ಬರೆಯೋಕೆ ಆಗದಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿ. ಆಮೇಲೆ ಕಾರ್ಡ್ ಹುಡುಕಿ.

ಗುರುವಾರ ಕ್ಲಾಸ್ ಮುಗಿದ ಮೇಲೆ ಕನ್ನಡ ಸಂಘದ ರೂಮಿನಲ್ಲಿ ಇರುತ್ತೇವೆ. ಈ ಸಲ ಏಳರದ್ದು ಹಿಡಿದಿದ್ದೇವೆ, ಇನ್ನೂ ಕುಂಟುತ್ತಿದೆ. ತಾಳ ಹಾಕೋಕೆ ಬರೋರು ಯಾರಾದರೂ ಬನ್ನಿ.